ಎಳೆದು ಬಿಟ್ಟ ಫೈಲ್ ನಮ್ಮ ಅಪ್ಲಿಕೇಶನ್‌ಗೆ ತಲುಪುವುದು ಹೇಗೆ

ಡೆಸ್ಕ್‌ಟಾಪ್ ಅಪ್ಲಿಕೇಶನ್ ಬರೆದು ಕೊಟ್ಟ ಮೇಲೆ ಕಲಬುರಗಿಯಲ್ಲಿ ನನಗೆ ಜಾಸ್ತಿ ಕೇಳಿಬರುವ ಮಾತು ಇದು: “ಸರ್, ಬ್ರೌಸ್ ಒತ್ತಿ ಒತ್ತಿ ಸಾಕಾಗ್ಯಾದ್ರಿ, ಫೈಲ್ ಎಳ್ದು ಹಾಕಿದ್ರ ತಗೊಳ್ಳಂಗ ಮಾಡ್ರಿ.” ಇದು ಸಣ್ಣ ಬೇಡಿಕೆ ಅಲ್ಲ. ಒಂದು ದಾಲ್ ಮಿಲ್ ಆಫೀಸನ್ನೇ ತೆಗೆದುಕೊಳ್ಳಿ. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ ಶುರುವಾಯಿತೆಂದರೆ ಲಾರಿಗಳ ತೂಕದ ಚೀಟಿ, ಬಿಲ್ಲು, ಸ್ಕ್ಯಾನ್ ಮಾಡಿದ ಪಿಡಿಎಫ್, ಡ್ರೈವರ್ ಮೊಬೈಲಿನಲ್ಲಿ ತೆಗೆದು ಕಳಿಸಿದ ಫೋಟೋ ಎಲ್ಲಾ ಒಂದೇ ಕಂಪ್ಯೂಟರಿಗೆ ಬಂದು ಸೇರುತ್ತವೆ. ಅಲ್ಲಿ ಕೂತ ಅಕ್ಕೋರು ಒಂದೊಂದು ಲಾರಿಗೂ ಬ್ರೌಸ್ ಒತ್ತಬೇಕು, ಫೋಲ್ಡರ್ ಹುಡುಕಬೇಕು, ಫೈಲ್ ಆರಿಸಬೇಕು, ಓಪನ್ ಒತ್ತಬೇಕು. ಆ ಫೋಲ್ಡರ್ ಪಕ್ಕದಲ್ಲೇ ತೆರೆದಿರುತ್ತದೆ, ಫೈಲ್ ಕಣ್ಣೆದುರಿಗೇ ಇರುತ್ತದೆ. ಅದನ್ನು ಎಳೆದು ಹಾಕಿದರೆ ಒಂದೇ ಕೈಚಲನೆಯಲ್ಲಿ ಕೆಲಸ ಮುಗಿಯಬೇಕು.

ಮಾಡುವುದು ಕಷ್ಟ ಅಲ್ಲ. ಆದರೆ ಒಳಗೆ ಏನು ನಡೆಯುತ್ತದೆ ಅಂತ ತಿಳಿಯದೆ ಯಾವುದೋ ನಾಲ್ಕು ಸಾಲು ಕೋಡ್ ತಂದು ಅಂಟಿಸಿದರೆ, ನಮ್ಮ ಕಂಪ್ಯೂಟರಿನಲ್ಲಿ ನಡೆದದ್ದು ಅವರ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಯಾಕೆ ನಡೆಯಲಿಲ್ಲ ಅಂತ ಹೇಳುವ ಎರರ್ ಕೂಡ ಬರುವುದಿಲ್ಲ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳೋಣ. ನೋಡುವವರಿಗೆ ಫೈಲ್ ಬಂದು ನಮ್ಮ ವಿಂಡೋದಲ್ಲಿ ಬಿದ್ದ ಹಾಗೆ ಕಾಣುತ್ತದೆ. ನಿಜವಾಗಿ ಫೈಲ್ ಇದ್ದ ಜಾಗದಿಂದ ಅಲುಗಾಡುವುದೇ ಇಲ್ಲ. ಎರಡು ಪ್ರೋಗ್ರಾಂಗಳು ಆಪರೇಟಿಂಗ್ ಸಿಸ್ಟಂ ಮೂಲಕ ಮಾತಾಡಿಕೊಳ್ಳುತ್ತವೆ, ಮಾತು ಮುಗಿದಾಗ ನಮ್ಮ ಕೈಗೆ ಸಿಗುವುದು ಫೈಲ್ ಎಲ್ಲಿದೆ ಅನ್ನುವ ವಿಳಾಸ ಮಾತ್ರ. ನೆಹರೂ ಗಂಜ್‌ನಲ್ಲಿ ಅಡತಿ ಅಂಗಡಿ ಮುಂದೆ ಮಾಲು ಬಂದ ಕೂಡಲೇ ಚೀಲ ಇಳಿಸುವುದಿಲ್ಲ ಅಲ್ವಾ? ಮೊದಲು ಒಂದು ಹಿಡಿ ಕಾಳು ತೋರಿಸುತ್ತಾರೆ, ಅಂಗಡಿಯವರು ನೋಡಿ ಬೇಕು ಅಥವಾ ಬೇಡ ಅನ್ನುತ್ತಾರೆ, ಇಳಿಸುವ ಮಾತು ಆಮೇಲೆ. ಇಲ್ಲೂ ಫೈಲ್ ಬೀಳುವ ಮುಂಚೆಯೇ ಹೌದು-ಇಲ್ಲ ತೀರ್ಮಾನ ಆಗಿರುತ್ತದೆ. ಈ ಕೆಲಸದಲ್ಲಿ ಬರುವ ತೊಂದರೆಗಳಲ್ಲಿ ಬಹಳಷ್ಟು ಆ ತೀರ್ಮಾನವನ್ನು ಸರಿಯಾಗಿ ಹೇಳದೆ ಇರುವುದರಿಂದ ಬರುತ್ತವೆ.

ಮಾತುಕತೆಯ ನಾಲ್ಕು ಘಟ್ಟ

ಫೈಲನ್ನು ಎಳೆಯಲು ಬಿಡುವ ಪ್ರೋಗ್ರಾಂ ಒಂದು ಕಡೆ, ಅದು ಸಾಮಾನ್ಯವಾಗಿ ಫೈಲ್ ಎಕ್ಸ್‌ಪ್ಲೋರರ್. ತೆಗೆದುಕೊಳ್ಳುವ ನಮ್ಮ ಅಪ್ಲಿಕೇಶನ್ ಇನ್ನೊಂದು ಕಡೆ. ಮೌಸ್ ನಮ್ಮ ವಿಂಡೋದ ಗಡಿ ದಾಟಿ ಒಳಗೆ ಬಂದ ಕೂಡಲೇ ಸಿಸ್ಟಂ ನಮ್ಮನ್ನು ಕೇಳುತ್ತದೆ: ಹೀಗೊಂದು ವಸ್ತು ಬಂದಿದೆ, ತಗೊಳ್ತೀಯಾ? ಇದು ಡ್ರ್ಯಾಗ್ ಎಂಟರ್. ಮೌಸ್ ಒಳಗೆ ಓಡಾಡುವಷ್ಟು ಹೊತ್ತೂ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಅದು ಡ್ರ್ಯಾಗ್ ಓವರ್. ಬಿಡದೆ ಹೊರಗೆ ಹೋದರೆ ಡ್ರ್ಯಾಗ್ ಲೀವ್. ಬಿಟ್ಟರೆ ಡ್ರಾಪ್. ಡ್ರಾಪ್ ತೆಗೆದುಕೊಳ್ಳಲು ವಿಂಡೋಸ್ ಕೊಡುವ ಐಡ್ರಾಪ್‌ಟಾರ್ಗೆಟ್ ಅನ್ನುವ ಇಂಟರ್‌ಫೇಸ್‌ನಲ್ಲಿ ಈ ನಾಲ್ಕೂ ಇದೇ ಹೆಸರಿನಲ್ಲಿ ಇವೆ. ಮ್ಯಾಕ್‌ನಲ್ಲಿ, ಲಿನಕ್ಸ್‌ನ ಎಕ್ಸ್‌ಡಿಎನ್‌ಡಿ ಮತ್ತು ವೇಲ್ಯಾಂಡ್ ಅನ್ನುವ ಎರಡು ವ್ಯವಸ್ಥೆಗಳಲ್ಲಿ ಹೆಸರು ಬೇರೆ, ಕ್ರಮ ಹೆಚ್ಚು ಕಡಿಮೆ ಇದೇ.

ವಿಂಡೋಸ್‌ನಲ್ಲಿ ಇದಕ್ಕೂ ಹಳೆಯ ಒಂದು ಸರಳ ದಾರಿ ಇದೆ. ಡ್ರ್ಯಾಗ್‌ಆಕ್ಸೆಪ್ಟ್‌ಫೈಲ್ಸ್ ಅಂತ ಒಮ್ಮೆ ಕರೆದರೆ ಸಾಕು, ಫೈಲ್ ಬಿದ್ದಾಗ ಡಬ್ಲ್ಯುಎಂ ಡ್ರಾಪ್‌ಫೈಲ್ಸ್ ಅನ್ನುವ ಒಂದು ಮೆಸೇಜ್ ಬರುತ್ತದೆ. ಆದರೆ ಅದರಲ್ಲಿ ಮೊದಲಿನ ಮೂರು ಘಟ್ಟಗಳು ನಮಗೆ ಕಾಣುವುದೇ ಇಲ್ಲ. ಫೈಲ್ ಮೇಲೆ ತೇಲುತ್ತಿರುವಾಗ ‘ಇದು ಆಗಲ್ಲ’ ಅಂತ ಹೇಳಲು ಬರುವುದಿಲ್ಲ, ಬಿದ್ದ ಮೇಲೆ ಹೇಳಬೇಕು. ಸಣ್ಣ ಉಪಕರಣಕ್ಕೆ ಅದು ಸಾಕು. ದಿನಾ ಬಳಸುವ ಅಪ್ಲಿಕೇಶನ್‌ಗೆ ನಾನು ಅದನ್ನು ಹಾಕುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಬರೀ ಹೌದು ಅಥವಾ ಇಲ್ಲ ಅಲ್ಲ. ಕಾಪಿ, ಮೂವ್, ಲಿಂಕ್ ಅಂತ ಮೂರು ಬಗೆಯ ಹೌದು ಇದೆ. ಇಲ್ಲಿ ದಯವಿಟ್ಟು ಗಮನ ಕೊಡಿ. ನಾವು ಮೂವ್ ಅಂದರೆ ‘ವಸ್ತು ಇನ್ನು ನನ್ನದು, ನಿನ್ನ ಹತ್ತಿರ ಇರುವುದನ್ನು ತೆಗೆದುಬಿಡು’ ಅಂತ ಕಳಿಸಿದ ಪ್ರೋಗ್ರಾಂಗೆ ಹೇಳಿದ ಹಾಗೆ. ಅದು ಮೂಲ ಫೈಲನ್ನೇ ಅಳಿಸಬಹುದು. ನಮಗೆ ಬೇಕಿರುವುದು ಫೈಲ್ ಆರಿಸುವುದು ಮಾತ್ರ. ಹಾಗಾಗಿ ಬಳಕೆದಾರರು ಶಿಫ್ಟ್ ಒತ್ತಿ ಹಿಡಿದಿರಲಿ, ಇನ್ನೇನೋ ಮಾಡಿರಲಿ, ನಮ್ಮ ಉತ್ತರ ಯಾವಾಗಲೂ ಕಾಪಿ ಆಗಿರಬೇಕು. ಕ್ಯೂಟಿಯಲ್ಲಿ (ವಿಂಡೋ, ಬಟನ್ ಮಾಡಲು ಬಳಸುವ ಲೈಬ್ರರಿ) ಬಹಳ ಉದಾಹರಣೆಗಳು ಆಕ್ಸೆಪ್ಟ್‌ಪ್ರಪೋಸ್ಡ್‌ಆ್ಯಕ್ಷನ್ ಅಂತ ಬರೆದಿರುತ್ತವೆ. ಅಂದರೆ ಎದುರಿನವರು ಏನು ಸೂಚಿಸಿದರೋ ಅದಕ್ಕೆ ಒಪ್ಪಿಗೆ. ಅದರ ಬದಲು ಸೆಟ್‌ಡ್ರಾಪ್‌ಆ್ಯಕ್ಷನ್‌ನಲ್ಲಿ ಕಾಪಿ ಅಂತ ಇಟ್ಟು, ಆಮೇಲೆ ಬರೀ ಆಕ್ಸೆಪ್ಟ್ ಕರೆಯಿರಿ. ಒಂದು ಸಾಲಿನ ವ್ಯತ್ಯಾಸ, ಅದರ ಮೇಲೆ ಯಾರದೋ ವರ್ಷದ ಬಿಲ್ಲುಗಳು ನಿಂತಿವೆ.

ಕೈಗೆ ಬರುವ ವಸ್ತು

ಎಳೆದ ವಸ್ತುವನ್ನು ಕಳಿಸುವ ಪ್ರೋಗ್ರಾಂ ಹಲವು ರೂಪದಲ್ಲಿ ಮುಂದಿಡುತ್ತದೆ. ಫೈಲ್‌ಗಳಿಗೆ ವಿಂಡೋಸ್‌ನಲ್ಲಿ ಸಿಎಫ್ ಎಚ್‌ಡ್ರಾಪ್ ಅನ್ನುವ ರೂಪ ಇದೆ: ಪೂರ್ತಿ ವಿಳಾಸಗಳ ಒಂದು ಪಟ್ಟಿ, ಅಷ್ಟೇ. ಲಿನಕ್ಸ್‌ನಲ್ಲಿ ಯುಆರ್‌ಐ ಲಿಸ್ಟ್ ಅನ್ನುವ ರೂಪ. 1999ರ ಆರ್‌ಎಫ್‌ಸಿ 2483 ಅನ್ನುವ ಇಂಟರ್‌ನೆಟ್ ದಾಖಲೆಯಲ್ಲಿ ಅದರ ವಿವರ ಇದೆ: ಒಂದು ಸಾಲಿಗೆ ಒಂದು ವಿಳಾಸ, ಹ್ಯಾಶ್ ಗುರುತಿನಿಂದ ಶುರುವಾದ ಸಾಲು ಬರೀ ಟಿಪ್ಪಣಿ. ಕ್ಯೂಟಿ ಇವೆರಡನ್ನೂ ಒಂದೇ ಮುಖ ಮಾಡಿ ಕೊಡುತ್ತದೆ. ಹ್ಯಾಸ್‌ಯುಆರ್‌ಎಲ್ಸ್ ಅಂತ ಕೇಳಿ, ಯುಆರ್‌ಎಲ್ಸ್ ಅಂತ ತೆಗೆದು, ಒಂದೊಂದಕ್ಕೂ ಟುಲೋಕಲ್‌ಫೈಲ್ ಹಚ್ಚಿದರೆ ವಿಳಾಸ ಸಿಗುತ್ತದೆ. ಟುಲೋಕಲ್‌ಫೈಲ್ ಖಾಲಿ ಉತ್ತರ ಕೊಟ್ಟರೆ ಅದು ಕಂಪ್ಯೂಟರಿನ ಫೈಲ್ ಅಲ್ಲ, ಬ್ರೌಸರಿನಿಂದ ಎಳೆದ ವೆಬ್ ವಿಳಾಸ ಇರಬಹುದು.

ಈ ಟುಲೋಕಲ್‌ಫೈಲ್ ಬಿಟ್ಟು, ವಿಳಾಸದ ಮುಂದಿನ ‘ಫೈಲ್ ಕೋಲನ್ ಸ್ಲ್ಯಾಶ್ ಸ್ಲ್ಯಾಶ್’ ಭಾಗವನ್ನು ಕೈಯಾರೆ ಕತ್ತರಿಸುವವರು ತುಂಬಾ ಜನ ಇದ್ದಾರೆ. ಇಂಗ್ಲಿಷ್ ಹೆಸರಿನ ಫೈಲ್‌ಗಳಲ್ಲಿ ಅದು ಹೇಗೋ ನಡೆಯುತ್ತದೆ. ಕನ್ನಡದ ಹೆಸರು ಬಂದಾಗ ನಿಂತುಹೋಗುತ್ತದೆ. ಯಾಕೆಂದರೆ ಆ ರೂಪದಲ್ಲಿ ಕನ್ನಡ ಅಕ್ಷರ ನೇರವಾಗಿ ಇರುವುದಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಪ್ರತಿ ಬೈಟ್ ಶೇಕಡಾ ಗುರುತಿನ ಜೊತೆ ಎರಡು ಅಂಕಿ-ಅಕ್ಷರ ಆಗಿ ಬರುತ್ತದೆ, ಅಂದರೆ ಒಂದು ಚಿಹ್ನೆಗೆ 9 ಅಕ್ಷರ. ‘ತೊಗರಿ’ ಅನ್ನುವ ಪದದಲ್ಲಿ ಒಳಗಿನ ಲೆಕ್ಕಕ್ಕೆ 5 ಚಿಹ್ನೆ: ತ, ಒ-ಕಾರದ ಗುರುತು, ಗ, ರ, ಇ-ಕಾರದ ಗುರುತು. ಅದು 45 ಅಕ್ಷರದ ಸಾಲಾಗಿ ಬರುತ್ತದೆ. ಅದನ್ನು ಬಿಡಿಸದೆ ಫೈಲ್ ತೆರೆಯಲು ಹೋದರೆ ‘ಇಂಥ ಫೈಲ್ ಇಲ್ಲ’ ಅನ್ನುವ ಉತ್ತರ.

ಕನ್ನಡದ ಹೆಸರುಗಳ ಬಗ್ಗೆ ಇನ್ನೂ ಎರಡು ಮಾತು ಹೇಳಲೇಬೇಕು, ಇದನ್ನು ನಮ್ಮವರು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ. ಒಂದು, ವಿಂಡೋಸ್‌ನ ಹಳೆಯ ಆನ್ಸಿ ದಾರಿ, ಅಂದರೆ ಭಾಷೆಗಳ ಗುಂಪಿಗೊಂದು ಅಕ್ಷರ ಪಟ್ಟಿ (ಕೋಡ್ ಪೇಜ್) ಇಟ್ಟುಕೊಳ್ಳುವ, ಯೂನಿಕೋಡ್‌ಗಿಂತ ಮುಂಚಿನ ಕ್ರಮ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್ ಪೇಜ್ ಇಲ್ಲ, ಯೂನಿಕೋಡ್ ಒಂದೇ ದಾರಿ. ಹಳೆಯ ಕೋಡಿನಲ್ಲಿ ಡ್ರ್ಯಾಗ್‌ಕ್ವೆರಿಫೈಲ್ ಕರೆಯುವಾಗ ಕೊನೆಗೆ ಡಬ್ಲ್ಯು ಇರುವ ರೂಪ ಬಿಟ್ಟು ಎ ಇರುವ ರೂಪ ಬಳಸಿದ್ದರೆ ‘ತೊಗರಿ ದರ’ ಅನ್ನುವುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ.

ಎರಡು, ಒ-ಕಾರ. ಯೂನಿಕೋಡ್‌ನಲ್ಲಿ ‘ತೊ’ದ ಒ-ಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಇಲ್ಲವೇ ಎ-ಕಾರ ಮತ್ತು ಊ-ಕಾರದ ಗುರುತು ಎರಡನ್ನೂ ಅಕ್ಕಪಕ್ಕ ಇಟ್ಟು ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಹೆಸರನ್ನು ಹೀಗೆ ಬಿಡಿಸಿಯೇ ಇಟ್ಟುಕೊಳ್ಳುತ್ತಿದ್ದವು. ಹಾಗಾಗಿ ಮ್ಯಾಕ್‌ನಿಂದ ಬಂದ ‘ತೊಗರಿ’, ನಾವು ಟೈಪ್ ಮಾಡಿದ ‘ತೊಗರಿ’ ಎರಡೂ ಕಂಪ್ಯೂಟರ್ ಪಾಲಿಗೆ ಬೇರೆ ಬೇರೆ ಪದ ಆಗಬಹುದು. ‘ಬೀದರ್’ ಪದದ ಈ-ಕಾರಕ್ಕೂ ಇದೇ ಕಥೆ. ನಿಮ್ಮ ಅಪ್ಲಿಕೇಶನ್ ಫೈಲ್ ಹೆಸರು ನೋಡಿ ‘ಇದು ಈಗಾಗಲೇ ಪಟ್ಟಿಯಲ್ಲಿದೆ’ ಅಂತ ಗುರುತಿಸುತ್ತಿದ್ದರೆ, ಹೋಲಿಸುವ ಮುಂಚೆ ಎರಡೂ ಹೆಸರನ್ನು ಎನ್‌ಎಫ್‌ಸಿ ಅನ್ನುವ, ಬಿಡಿಸಿದ ಗುರುತುಗಳನ್ನು ಕೂಡಿಸಿ ಒಂದು ಮಾಡಿದ ರೂಪಕ್ಕೆ ತನ್ನಿ. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಈ ಕೆಲಸ ಮಾಡುತ್ತದೆ. ಆದರೆ ಫೈಲ್ ತೆರೆಯುವಾಗ ಮಾತ್ರ ಸಿಸ್ಟಂ ಕೊಟ್ಟ ಮೂಲ ವಿಳಾಸವನ್ನೇ ಬಳಸಬೇಕು. ಬದಲಾಯಿಸಿದ ಹೆಸರಿನ ಫೈಲ್ ಡಿಸ್ಕಿನಲ್ಲಿ ಇಲ್ಲದೇ ಇರಬಹುದು.

ಕ್ಯೂಟಿಯಲ್ಲಿ ಒಂದು ಸುತ್ತು

ಇಲ್ಲಿ ನಾನು ಪೈಥಾನ್ ಮತ್ತು ಪೈಸೈಡ್ (ಪೈಥಾನ್‌ನಲ್ಲಿ ಕ್ಯೂಟಿ ಬಳಸುವ ಲೈಬ್ರರಿ) ಇಟ್ಟುಕೊಂಡು ಹೇಳುತ್ತೇನೆ, ಬೇರೆ ಭಾಷೆಯವರಿಗೂ ಕ್ರಮ ಅದೇ. ಮೇನ್ ವಿಂಡೋಗೆ ಸೆಟ್‌ಆಕ್ಸೆಪ್ಟ್‌ಡ್ರಾಪ್ಸ್ ಟ್ರೂ ಕೊಡಿ. ಇದು ಇಲ್ಲದಿದ್ದರೆ ಯಾವ ಪ್ರಶ್ನೆಯೂ ನಮ್ಮ ತನಕ ಬರುವುದಿಲ್ಲ. ಡ್ರ್ಯಾಗ್‌ಎಂಟರ್‌ಇವೆಂಟ್‌ನಲ್ಲಿ ವಿಳಾಸಗಳನ್ನು ನೋಡಿ, ಒಂದಾದರೂ ನಮಗೆ ಬೇಕಾದ ಬಗೆಯದ್ದಾಗಿದ್ದರೆ ಕಾಪಿ ಅಂತ ಒಪ್ಪಿಕೊಳ್ಳಿ. ಡ್ರಾಪ್‌ಇವೆಂಟ್‌ನಲ್ಲಿ ವಿಳಾಸಗಳನ್ನು ಒಂದು ಪಟ್ಟಿಗೆ ಹಾಕಿಕೊಳ್ಳಿ. ಡ್ರ್ಯಾಗ್‌ಲೀವ್‌ಇವೆಂಟ್‌ನಲ್ಲಿ ಬಣ್ಣ-ಗೆರೆ ಏನಾದರೂ ತೋರಿಸಿದ್ದರೆ ತೆಗೆಯಿರಿ. ಡ್ರಾಪ್ ಆದಾಗ ಲೀವ್ ಬರುವುದಿಲ್ಲ, ಆದ್ದರಿಂದ ಬಣ್ಣ ತೆಗೆಯುವ ಕೆಲಸ ಎರಡೂ ಕಡೆ ಇರಬೇಕು.

ಮೇನ್ ವಿಂಡೋದ ಒಳಗಿರುವ ಸಣ್ಣ ವಿಜೆಟ್‌ಗಳು, ಅಂದರೆ ಪೆಟ್ಟಿಗೆ-ಪಟ್ಟಿ-ಬಟನ್‌ಗಳು, ಇಲ್ಲಿ ತೊಡಕು ಮಾಡುತ್ತವೆ. ಅಕ್ಷರ ಬರೆಯುವ ಟೆಕ್ಸ್ಟ್‌ಎಡಿಟ್ ಪೆಟ್ಟಿಗೆ ತಾನೇ ಡ್ರಾಪ್ ತೆಗೆದುಕೊಳ್ಳುವ ಸ್ವಭಾವದ್ದು. ಫೈಲನ್ನು ಅದರ ಮೇಲೆ ಬಿಟ್ಟರೆ ಷರಾ ಬರೆಯುವ ಜಾಗದಲ್ಲಿ ಫೈಲಿನ ಉದ್ದ ವಿಳಾಸ ಬಂದು ಕೂರುತ್ತದೆ, ನಮ್ಮ ಡ್ರಾಪ್‌ಇವೆಂಟ್ ನಡೆಯುವುದೇ ಇಲ್ಲ. ಅಂಥ ಪೆಟ್ಟಿಗೆಗಳಿಗೆ ಸೆಟ್‌ಆಕ್ಸೆಪ್ಟ್‌ಡ್ರಾಪ್ಸ್ ಫಾಲ್ಸ್ ಮಾಡಿ, ಆಗ ಪ್ರಶ್ನೆ ಮೇಲಿನ ವಿಂಡೋಗೆ ಹೋಗುತ್ತದೆ. ಲಿಸ್ಟ್‌ವಿಜೆಟ್ ಮೇಲೆಯೇ ಫೈಲ್ ಬಿಡಿಸಿಕೊಳ್ಳಬೇಕು ಅಂದರೆ ಡ್ರ್ಯಾಗ್‌ಮೂವ್‌ಇವೆಂಟ್ (ಮೇಲೆ ಹೇಳಿದ ಡ್ರ್ಯಾಗ್ ಓವರ್‌ಗೆ ಕ್ಯೂಟಿ ಕೊಟ್ಟ ಹೆಸರು) ಕೂಡ ನೀವೇ ಬರೆಯಬೇಕು. ಎಂಟರ್‌ನಲ್ಲಿ ಹೌದು ಅಂದದ್ದನ್ನು ಅದರ ಸ್ವಂತ ಮೂವ್ ಕೋಡ್ ಇಲ್ಲ ಅಂತ ತಿರುಗಿಸಿಬಿಡುತ್ತದೆ. ಇದರ ಮೇಲೆ ಒಂದು ಮಧ್ಯಾಹ್ನ ಕಳೆಯುವವರು ಪ್ರತಿ ವರ್ಷ ಹೊಸದಾಗಿ ಸಿಗುತ್ತಾರೆ.

ಉಳಿದವುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಡಾಟ್‌ನೆಟ್ ವಿನ್‌ಫಾರ್ಮ್ಸ್‌ನಲ್ಲಿ ಅಲೋಡ್ರಾಪ್ ಟ್ರೂ ಮಾಡಿ, ಡ್ರ್ಯಾಗ್‌ಎಂಟರ್‌ನಲ್ಲಿ ಎಫೆಕ್ಟ್ ಅನ್ನು ಕಾಪಿ ಅಂತ ಇಡಬೇಕು, ಇಡದಿದ್ದರೆ ಉತ್ತರ ‘ಬೇಡ’ ಅಂತಲೇ ಹೋಗುತ್ತದೆ. ಟಿಕೆಇಂಟರ್‌ನಲ್ಲಿ ಹೊರಗಿನ ಫೈಲ್ ಎಳೆದು ಹಾಕುವ ಸೌಲಭ್ಯ ಮೂಲದಲ್ಲಿ ಇಲ್ಲ, ಟಿಕೆಇಂಟರ್‌ಡಿಎನ್‌ಡಿ2 ಅನ್ನುವ ಲೈಬ್ರರಿ ಹಾಕಿಕೊಳ್ಳಬೇಕು. ಅದು ಎಲ್ಲಾ ವಿಳಾಸಗಳನ್ನು ಒಂದೇ ಸಾಲಿನಲ್ಲಿ ಕೊಡುತ್ತದೆ, ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಸುತ್ತ ಹೂವಿನ ಬ್ರ್ಯಾಕೆಟ್ ಹಾಕಿರುತ್ತದೆ. ಆದ್ದರಿಂದ ಖಾಲಿ ಜಾಗ ನೋಡಿ ಕತ್ತರಿಸದೆ ಸ್ಪ್ಲಿಟ್‌ಲಿಸ್ಟ್ ಬಳಸಿ.

ಎಲೆಕ್ಟ್ರಾನ್‌ನಲ್ಲಿ (ವೆಬ್ ಪುಟದ ಹಾಗೆ ಡೆಸ್ಕ್‌ಟಾಪ್ ಅಪ್ಲಿಕೇಶನ್ ಮಾಡುವ ಸಲಕರಣೆ) ಬರೆಯುವವರು ಡ್ರ್ಯಾಗ್‌ಓವರ್ ಮತ್ತು ಡ್ರಾಪ್ ಎರಡರಲ್ಲೂ ಪ್ರಿವೆಂಟ್‌ಡೀಫಾಲ್ಟ್ ಕರೆಯಬೇಕು. ಇಲ್ಲದಿದ್ದರೆ ಒಳಗಿರುವ ಬ್ರೌಸರ್ ತನ್ನ ಅಭ್ಯಾಸದಂತೆ ಆ ಫೈಲನ್ನೇ ತೆರೆಯಲು ಹೋಗುತ್ತದೆ, ಅರ್ಧ ತುಂಬಿದ ಫಾರಂ ಮಾಯವಾಗುತ್ತದೆ. ಫೈಲಿನ ವಿಳಾಸ ಕೊಡುತ್ತಿದ್ದ ಪಾತ್ ಅನ್ನುವ ಗುಣವನ್ನು 2024ರಲ್ಲಿ ಬಂದ 32ನೇ ಆವೃತ್ತಿಯಲ್ಲಿ ತೆಗೆದಿದ್ದಾರೆ. ಈಗ ವೆಬ್‌ಯುಟಿಲ್ಸ್‌ನ ಗೆಟ್‌ಪಾತ್‌ಫಾರ್‌ಫೈಲ್ ಮೂಲಕ ಕೇಳಬೇಕು. ಇನ್ನೊಂದು, ಅಲ್ಲಿ ಮೌಸ್ ಒಂದು ಡಬ್ಬಿಯಿಂದ ಅದರೊಳಗಿನ ಇನ್ನೊಂದು ಡಬ್ಬಿಗೆ ಸರಿದರೂ ಡ್ರ್ಯಾಗ್‌ಲೀವ್ ಬರುತ್ತದೆ, ಹಾಗಾಗಿ ಬಣ್ಣ ಮಿನುಗುತ್ತದೆ. ಎಂಟರ್ ಬಂದಾಗ ಒಂದು ಕೂಡಿಸಿ, ಲೀವ್ ಬಂದಾಗ ಒಂದು ಕಳೆದು, ಸೊನ್ನೆ ಆದಾಗ ಮಾತ್ರ ಬಣ್ಣ ತೆಗೆದರೆ ಸರಿಹೋಗುತ್ತದೆ.

ಮೇಲೆ ತೇಲುವಾಗ ಏನು ತೋರಿಸಬೇಕು

ಬಿಡುವ ಜಾಗ ದೊಡ್ಡದಿರಲಿ. ಮೂಲೆಯಲ್ಲೊಂದು ಚುಕ್ಕಿ ಗೆರೆಯ ಪೆಟ್ಟಿಗೆ ಮಾಡಿ ‘ಇಲ್ಲಿ ಬಿಡಿ’ ಅನ್ನುವುದು ನೋಡಲು ಚೆಂದ, ಬಳಸಲು ಕಷ್ಟ. ಹಳೆಯ ಲ್ಯಾಪ್‌ಟಾಪಿನ ಟಚ್‌ಪ್ಯಾಡ್‌ನಲ್ಲಿ ಒತ್ತಿ ಹಿಡಿದು ಅಷ್ಟು ಸಣ್ಣ ಜಾಗಕ್ಕೆ ತಲುಪಿಸುವುದು ಎಷ್ಟು ಬೇಸರ ಅಂತ ಮಾಡಿ ನೋಡಿದವರಿಗೇ ಗೊತ್ತು. ಪೂರ್ತಿ ವಿಂಡೋ ಫೈಲ್ ತೆಗೆದುಕೊಳ್ಳಲಿ, ಚುಕ್ಕಿ ಪೆಟ್ಟಿಗೆ ಬರೀ ಸೂಚನೆಗೆ ಇರಲಿ. ಫೈಲ್ ಮೇಲೆ ಬಂದಾಗ ವಿಂಡೋ ಬಣ್ಣ ಸ್ವಲ್ಪ ಬದಲಾಗಿ ‘4 ಪಿಡಿಎಫ್ ಸೇರುತ್ತವೆ, 1 ಫೈಲ್ ಬೇರೆ ಬಗೆಯದ್ದು’ ಅನ್ನುವ ಮಾತು ಬಂದರೆ, ಬಿಡುವ ಮುಂಚೆಯೇ ಅವರಿಗೆ ಎಲ್ಲಾ ತಿಳಿಯುತ್ತದೆ. ಬೆರಳು ಎತ್ತುವ ಮೊದಲು ಮನಸ್ಸು ಬದಲಾಯಿಸುವ ಅವಕಾಶವೂ ಸಿಗುತ್ತದೆ.

ಆದರೆ ಈ ಹೊತ್ತಿನಲ್ಲಿ ಫೈಲನ್ನು ತೆರೆದು ನೋಡಬೇಡಿ. ಡ್ರ್ಯಾಗ್ ಮೂವ್ ಸೆಕೆಂಡಿಗೆ ಹಲವು ಸಲ ಬರುತ್ತದೆ. ಫೈಲ್ ಇರುವುದು ಪಕ್ಕದ ರೂಮಿನ ಕಂಪ್ಯೂಟರಿನ ಶೇರ್ಡ್ ಫೋಲ್ಡರ್‌ನಲ್ಲಿ ಆಗಿದ್ದರೆ ಒಂದೊಂದು ಸಲ ಕೇಳಿದಾಗಲೂ ಮೌಸ್ ತಡವರಿಸುತ್ತದೆ. ಹೆಸರಿನ ಕೊನೆಯ ಭಾಗ ನೋಡಿ ಎಂಟರ್‌ನಲ್ಲೇ ಒಮ್ಮೆ ತೀರ್ಮಾನಿಸಿ, ಅದನ್ನು ನೆನಪಿಟ್ಟುಕೊಂಡು ಮೂವ್‌ನಲ್ಲಿ ಅದೇ ಉತ್ತರ ಕೊಡುತ್ತಾ ಇರಿ. ಕ್ಯಾಮೆರಾಗಳು ಜೆಪಿಜಿ ಅನ್ನುವುದನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ, ಆದ್ದರಿಂದ ಹೋಲಿಸುವ ಮುಂಚೆ ಸಣ್ಣಕ್ಷರ ಮಾಡಿಕೊಳ್ಳಿ. ಐಫೋನ್ 2017ರ ಐಓಎಸ್ 11ರಿಂದ ಫೋಟೋಗಳನ್ನು ಎಚ್‌ಇಐಸಿ ಬಗೆಯಲ್ಲಿ ಇಡುತ್ತದೆ. ಅದನ್ನು ತೆಗೆದುಕೊಳ್ಳುತ್ತೀರಾ ಇಲ್ಲವಾ ಅಂತ ಮೊದಲೇ ಯೋಚಿಸಿ. ಕೊನೆಯ ಭಾಗ ಸುಳ್ಳೂ ಹೇಳಬಹುದು. ನಿಜವಾದ ಪಿಡಿಎಫ್ ಹೌದಾ ಅಂತ ತಿಳಿಯಲು ಒಳಗಿನ ಮೊದಲ ಬೈಟ್‌ಗಳನ್ನು ನೋಡಬೇಕು. ಅಲ್ಲಿ ಶೇಕಡಾ ಗುರುತು, ಅದರ ಮುಂದೆ ಪಿಡಿಎಫ್ ಅನ್ನುವ ಮೂರು ಅಕ್ಷರ ಇರುತ್ತವೆ. ಈ ಪರೀಕ್ಷೆ ಮಾತ್ರ ಡ್ರಾಪ್ ಆದ ಮೇಲೆ.

ಡ್ರಾಪ್‌ನಲ್ಲಿ ನಿಲ್ಲಬೇಡಿ

ಡ್ರಾಪ್‌ಇವೆಂಟ್‌ನಲ್ಲೇ ಫೈಲ್ ಓದಿ, ಸಣ್ಣದು ಮಾಡಿ, ಡೇಟಾಬೇಸ್‌ಗೆ ಹಾಕಿ, ಕೊನೆಗೆ ‘ಆಯಿತು’ ಅಂತ ಮೆಸೇಜ್ ಬಾಕ್ಸ್ ತೋರಿಸುವ ಕೋಡನ್ನು ತುಂಬಾ ಕಡೆ ನೋಡುತ್ತೇನೆ. ಅದರ ಪರಿಣಾಮ ನಮ್ಮ ವಿಂಡೋ ಮಾತ್ರ ಅನುಭವಿಸುವುದಿಲ್ಲ. ವಿಂಡೋಸ್‌ನಲ್ಲಿ ನಮ್ಮ ಡ್ರಾಪ್ ಕೋಡ್ ಮುಗಿದು ಉತ್ತರ ಬರುವವರೆಗೆ ಎಕ್ಸ್‌ಪ್ಲೋರರ್ ಕಾಯುತ್ತಾ ನಿಂತಿರುತ್ತದೆ. ಫೈಲ್ ಎಳೆದು ತಂದ ಆ ಫೋಲ್ಡರ್ ವಿಂಡೋ ಸ್ತಬ್ಧ ಆಗುತ್ತದೆ, ಅಲ್ಲಿ ಕೂತವರು ‘ಕಂಪ್ಯೂಟರ್ ಹ್ಯಾಂಗ್ ಆಗ್ಯಾದ’ ಅಂದುಕೊಂಡು ಸ್ವಿಚ್ ಆಫ್ ಮಾಡುತ್ತಾರೆ.

ಹಾಗಾಗಿ ಡ್ರಾಪ್‌ನಲ್ಲಿ ಎರಡೇ ಕೆಲಸ: ವಿಳಾಸಗಳನ್ನು ನಮ್ಮ ಸ್ವಂತ ಪಟ್ಟಿಗೆ ನಕಲು ಮಾಡಿಕೊಳ್ಳುವುದು, ಆಕ್ಸೆಪ್ಟ್ ಹೇಳಿ ಹೊರಬರುವುದು. ನಕಲು ಮಾಡಲೇಬೇಕು, ಯಾಕೆಂದರೆ ಇವೆಂಟ್ ಮುಗಿದ ಮೇಲೆ ಆ ಮೈಮ್ ಡೇಟಾ, ಅಂದರೆ ಎಳೆದ ವಸ್ತುವಿನ ರೂಪಗಳ ಗಂಟು, ನಮ್ಮದಲ್ಲ. ಆಮೇಲೆ ಸೊನ್ನೆ ಮಿಲಿಸೆಕೆಂಡಿನ ಸಿಂಗಲ್‌ಶಾಟ್ ಟೈಮರ್ ಹಾಕಿ ಮುಂದಿನ ಕೆಲಸ ಶುರು ಮಾಡಿ. ಓದುವ, ಪರೀಕ್ಷಿಸುವ ಭಾರದ ಕೆಲಸ ಬೇರೆ ಥ್ರೆಡ್‌ಗೆ (ಹಿನ್ನೆಲೆಯಲ್ಲಿ ಜೊತೆಗೇ ನಡೆಯುವ ಕೆಲಸದ ಸಾಲಿಗೆ) ಹೋಗಲಿ. ಒನ್‌ಡ್ರೈವ್‌ನಂಥ ಕಡೆ ಹೆಸರು ಮಾತ್ರ ಇಲ್ಲಿದ್ದು ಒಳಗಿನ ಡೇಟಾ ಇಂಟರ್‌ನೆಟ್‌ನಲ್ಲಿ ಇರುವ ಫೈಲ್‌ಗಳೂ ಇವೆ. ಅವನ್ನು ತೆರೆದ ಕೂಡಲೇ ಡೌನ್‌ಲೋಡ್ ಶುರುವಾಗುತ್ತದೆ, ನಿಧಾನದ ನೆಟ್‌ನಲ್ಲಿ ಅದು ಎಷ್ಟು ಹೊತ್ತು ಹಿಡಿಯುತ್ತದೋ ಹೇಳಲಾಗದು. ಪಟ್ಟಿಯಲ್ಲಿ ಫೈಲ್ ಹೆಸರು ತಕ್ಷಣ ಕಾಣಲಿ, ಪಕ್ಕದಲ್ಲಿ ‘ಓದುತ್ತಿದೆ’ ಅಂತ ಇರಲಿ, ಆದ ಮೇಲೆ ಸರಿ ಗುರುತು ಬರಲಿ. ಆಗದ ಫೈಲಿನ ಪಕ್ಕದಲ್ಲಿ ಯಾಕೆ ಆಗಲಿಲ್ಲ ಅನ್ನುವ ಒಂದು ಸಾಲು ಕನ್ನಡದಲ್ಲೇ ಬರಲಿ. ಐದು ಫೈಲಿನಲ್ಲಿ ಒಂದು ಕೆಟ್ಟಿದ್ದರೆ ಉಳಿದ ನಾಲ್ಕನ್ನು ನಿಲ್ಲಿಸಬೇಡಿ.

ಎರರ್ ಇಲ್ಲದೆ ನಿಲ್ಲುವ ಡ್ರ್ಯಾಗ್

ಈಗ ಎಲ್ಲಕ್ಕಿಂತ ಜಾಸ್ತಿ ತಲೆಕೆಡಿಸುವ ವಿಷಯ. ಕೋಡ್ ಸರಿಯಾಗಿದೆ, ನಿಮ್ಮ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಅವರ ಆಫೀಸಿನಲ್ಲಿ ಮಾತ್ರ ಫೈಲ್ ವಿಂಡೋ ಮೇಲೆ ಬಂದ ಕೂಡಲೇ ಕರ್ಸರ್ ಅಡ್ಡಗೆರೆಯ ವೃತ್ತ ಆಗುತ್ತದೆ. ಡ್ರ್ಯಾಗ್‌ಎಂಟರ್ ಕೂಡ ಬರುವುದಿಲ್ಲ, ಲಾಗ್ ಖಾಲಿ.

ಇಂಥ ಕಡೆ ಮೊದಲು ನೋಡಬೇಕಾದದ್ದು ಅಪ್ಲಿಕೇಶನ್ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಗಿ ನಡೆಯುತ್ತಿದೆಯಾ ಅಂತ. 2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾದಿಂದ ಪ್ರತಿ ಪ್ರೋಗ್ರಾಂಗೆ ಒಂದು ಮಟ್ಟ ಇದೆ. ಕೆಳಗಿನ ಮಟ್ಟದ್ದು ಮೇಲಿನ ಮಟ್ಟದ ವಿಂಡೋಗೆ ಮೆಸೇಜ್ ಕಳಿಸುವುದನ್ನು ಸಿಸ್ಟಂ ತಡೆಯುತ್ತದೆ. ವೈರಸ್ಸುಗಳು ಸಾಮಾನ್ಯ ಮಟ್ಟದಲ್ಲಿ ಕೂತು ಅಡ್ಮಿನ್ ಪ್ರೋಗ್ರಾಂಗಳನ್ನು ಆಡಿಸಬಾರದು ಅನ್ನುವ ಒಳ್ಳೆಯ ಉದ್ದೇಶಕ್ಕೆ ಮಾಡಿದ್ದು. ಎಕ್ಸ್‌ಪ್ಲೋರರ್ ನಡೆಯುವುದು ಮಧ್ಯಮ ಮಟ್ಟದಲ್ಲಿ. ನಮ್ಮ ಅಪ್ಲಿಕೇಶನ್ ಅಡ್ಮಿನ್ ಆಗಿ ಮೇಲಿನ ಮಟ್ಟದಲ್ಲಿ ಕೂತಿದ್ದರೆ ಎಕ್ಸ್‌ಪ್ಲೋರರ್‌ನ ಮಾತು ಅಲ್ಲಿಗೆ ತಲುಪುವುದೇ ಇಲ್ಲ. ಕೋಡ್ ಬರೆಯುವ ಎಡಿಟರನ್ನೇ ಅಡ್ಮಿನ್ ಆಗಿ ತೆರೆದು ಅಲ್ಲಿಂದ ಅಪ್ಲಿಕೇಶನ್ ನಡೆಸಿದರೂ ಇದೇ ಗತಿ.

ಹಳೆಯ ಡ್ರಾಪ್‌ಫೈಲ್ಸ್ ಮೆಸೇಜ್ ದಾರಿಗೆ ಫಿಲ್ಟರ್ ಸಡಿಲಿಸುವ ಉಪಾಯ ಒಂದಿದೆ. ನಾನು ಅದನ್ನು ಹೇಳಿಕೊಡುವುದಿಲ್ಲ, ಯಾಕೆಂದರೆ ನಿಜವಾದ ಪ್ರಶ್ನೆ ಅಪ್ಲಿಕೇಶನ್‌ಗೆ ಅಡ್ಮಿನ್ ಹಕ್ಕು ಯಾಕೆ ಬೇಕಾಯಿತು ಅನ್ನುವುದು. ಸಾಮಾನ್ಯವಾಗಿ ಉತ್ತರ ಒಂದೇ: ಅದು ತನ್ನ ಡೇಟಾವನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನೊಳಗೇ ಬರೆಯಲು ಹೋಗುತ್ತಿದೆ, ಅಲ್ಲಿ ಬರೆಯಲು ಸಾಮಾನ್ಯ ಬಳಕೆದಾರರಿಗೆ ಅನುಮತಿ ಇಲ್ಲ, ಯಾರೋ ರೈಟ್ ಕ್ಲಿಕ್ ಮಾಡಿ ಅಡ್ಮಿನ್ ಟಿಕ್ ಹಾಕಿ ಹೋಗಿದ್ದಾರೆ. ಡೇಟಾವನ್ನು ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿಗೆ ಸರಿಸಿ, ಆ ಟಿಕ್ ತೆಗೆಯಿರಿ. ಡ್ರ್ಯಾಗ್ ನಡೆಯಲು ಶುರುವಾಗುತ್ತದೆ, ಕಂಪ್ಯೂಟರೂ ಮೊದಲಿಗಿಂತ ಸುರಕ್ಷಿತ.

ಮ್ಯಾಕ್‌ನ ಸ್ಯಾಂಡ್‌ಬಾಕ್ಸ್‌ನಲ್ಲಿ ವಿಷಯ ಬೇರೆ ಥರ. ಅಲ್ಲಿ ಅಪ್ಲಿಕೇಶನ್‌ಗೆ ಫೈಲ್‌ಗಳನ್ನು ಮುಟ್ಟುವ ಹಕ್ಕು ಮೊದಲು ಇರುವುದಿಲ್ಲ, ಬಳಕೆದಾರರು ಎಳೆದು ಹಾಕಿದ್ದೇ ಆ ಫೈಲಿಗೆ ಕೊಟ್ಟ ಒಪ್ಪಿಗೆ ಅಂತ ಸಿಸ್ಟಂ ತಿಳಿಯುತ್ತದೆ. ಅಪ್ಲಿಕೇಶನ್ ಮುಚ್ಚಿ ತೆರೆದರೆ ಬರೀ ವಿಳಾಸ ಬರೆದಿಟ್ಟುಕೊಂಡದ್ದು ಸಾಲುವುದಿಲ್ಲ, ಆ ಒಪ್ಪಿಗೆಯನ್ನೂ ಉಳಿಸುವ ಸೆಕ್ಯೂರಿಟಿ ಸ್ಕೋಪ್ಡ್ ಬುಕ್‌ಮಾರ್ಕ್ ಮಾಡಿ ಇಟ್ಟುಕೊಳ್ಳಬೇಕು.

ವಿಳಾಸವೇ ಇಲ್ಲದ ಫೈಲ್

ಡ್ರೈವರ್ ಫೋನನ್ನು ಕೇಬಲ್‌ನಲ್ಲಿ ಕಂಪ್ಯೂಟರಿಗೆ ಹಚ್ಚಿ, ಅದರೊಳಗಿನ ಫೋಟೋವನ್ನು ನೇರ ನಮ್ಮ ವಿಂಡೋಗೆ ಎಳೆಯುವವರಿದ್ದಾರೆ. ನ್ಯಾಯವಾಗಿಯೇ, ಅವರ ಕಣ್ಣಿಗೆ ಅದೂ ಒಂದು ಫೋಲ್ಡರ್. ಆದರೆ ಎಂಟಿಪಿ (ಫೋನಿನ ಫೈಲ್‌ಗಳನ್ನು ಕಂಪ್ಯೂಟರಿಗೆ ತೋರಿಸುವ ಕ್ರಮ) ಮೂಲಕ ಹಚ್ಚಿದ ಫೋನಿಗೆ ಡ್ರೈವ್ ಅಕ್ಷರ ಇಲ್ಲ, ಅಲ್ಲಿನ ಫೋಟೋಗೆ ನಾವು ತೆರೆಯಬಹುದಾದ ವಿಳಾಸವೂ ಇಲ್ಲ. ಔಟ್‌ಲುಕ್‌ನಿಂದ ಎಳೆದ ಅಟ್ಯಾಚ್‌ಮೆಂಟ್ ಕೂಡ ಹೀಗೆಯೇ: ಅದು ಇನ್ನೂ ಡಿಸ್ಕಿನಲ್ಲಿ ಫೈಲ್ ಆಗಿಲ್ಲ. ಇಂಥವಕ್ಕೆ ವಿಂಡೋಸ್‌ನಲ್ಲಿ ಫೈಲ್‌ಗ್ರೂಪ್‌ಡಿಸ್ಕ್ರಿಪ್ಟರ್ ಮತ್ತು ಫೈಲ್‌ಕಂಟೆಂಟ್ಸ್ ಅನ್ನುವ ಬೇರೆ ರೂಪಗಳಿವೆ. ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಒಳಗಿನ ಡೇಟಾ. ಮ್ಯಾಕ್‌ನಲ್ಲಿ ಇದಕ್ಕೆ ಫೈಲ್ ಪ್ರಾಮಿಸ್ ಅನ್ನುತ್ತಾರೆ, ಬೇಕಾದಾಗ ಫೈಲ್ ಮಾಡಿಕೊಡುತ್ತೇನೆ ಅನ್ನುವ ಮಾತು.

ಇದನ್ನು ಪೂರ್ತಿ ಬರೆಯುವುದು ದೊಡ್ಡ ಕೆಲಸ. ಬಳಸುವವರು ದಿನಾ ಔಟ್‌ಲುಕ್‌ನಿಂದಲೇ ಎಳೆಯುವವರಾದರೆ ಬರೆಯಿರಿ. ಇಲ್ಲವಾದರೆ ಕನಿಷ್ಠ ಆ ರೂಪಗಳನ್ನು ಗುರುತಿಸಿ ‘ಮೊದಲು ಈ ಫೋಟೋವನ್ನು ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ, ಆಮೇಲೆ ಎಳೆಯಿರಿ’ ಅಂತ ಸ್ಪಷ್ಟವಾಗಿ ಹೇಳಿ. ಸುಮ್ನೆ ಏನೂ ಆಗದೆ ನಿಲ್ಲುವುದಕ್ಕಿಂತ ಅದು ಎಷ್ಟೋ ಮೇಲು.

ಫೋಲ್ಡರನ್ನೇ ಎಳೆದು ಹಾಕುವವರೂ ಇದ್ದಾರೆ. ಪಟ್ಟಿಯಲ್ಲಿ ಅದೂ ಒಂದು ವಿಳಾಸವಾಗಿಯೇ ಬರುತ್ತದೆ, ನಾವೇ ಫೈಲಾ ಫೋಲ್ಡರಾ ಅಂತ ಕೇಳಬೇಕು. ಒಳಗೆ ಇಳಿದು ಹುಡುಕುವುದಾದರೆ ಥಂಬ್ಸ್ ಡಾಟ್ ಡಿಬಿ ಥರದ ಅಡಗಿದ ಫೈಲ್‌ಗಳನ್ನು ಬಿಡಿ, ಫೈಲ್‌ಗಳ ಸಂಖ್ಯೆ ದೊಡ್ಡದಾದರೆ ಸೇರಿಸುವ ಮುಂಚೆ ಕೇಳಿ. ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್ ಎಳೆದರೆ ಬರುವುದು ಶಾರ್ಟ್‌ಕಟ್‌ನದ್ದೇ ವಿಳಾಸ. ಕ್ಯೂಟಿಯ ಫೈಲ್‌ಇನ್ಫೋದಲ್ಲಿ ಸಿಮ್‌ಲಿಂಕ್‌ಟಾರ್ಗೆಟ್ ಕೇಳಿ ನಿಜವಾದ ಫೈಲ್ ಹಿಡಿಯಬಹುದು.

ಎಲ್ಲಾ ದಾರಿಗೂ ಒಂದೇ ಬಾಗಿಲು

ಕೋಡಿನ ಜೋಡಣೆಯಲ್ಲಿ ನಾನು ಹಟ ಹಿಡಿಯುವ ವಿಷಯ ಇದೊಂದೇ. ಫೈಲ್ ಸೇರಿಸುವ ಫಂಕ್ಷನ್ ಒಂದೇ ಇರಬೇಕು, ಅದಕ್ಕೆ ವಿಳಾಸಗಳ ಪಟ್ಟಿ ಕೊಟ್ಟರೆ ಸಾಕು ಅನ್ನುವ ಹಾಗೆ ಇರಬೇಕು. ಬ್ರೌಸ್ ಬಟನ್ ಅದನ್ನೇ ಕರೆಯಲಿ, ಡ್ರಾಪ್ ಅದನ್ನೇ ಕರೆಯಲಿ. ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ ಒತ್ತಿ ನಮ್ಮ ವಿಂಡೋದಲ್ಲಿ ಪೇಸ್ಟ್ ಒತ್ತಿದರೂ ಕ್ಲಿಪ್‌ಬೋರ್ಡ್‌ನಲ್ಲಿ ಇರುವುದು ಡ್ರಾಪ್‌ನಲ್ಲಿ ಬರುವ ಅದೇ ರೂಪ, ಆದ್ದರಿಂದ ಎರಡು ಸಾಲು ಬರೆದರೆ ಪೇಸ್ಟ್ ಕೂಡ ಸಿಗುತ್ತದೆ. ಅಪ್ಲಿಕೇಶನ್‌ನ ಐಕಾನ್ ಮೇಲೆ ಫೈಲ್ ಬಿಟ್ಟರೆ ವಿಂಡೋಸ್ ಅದನ್ನು ಕಮಾಂಡ್ ಲೈನ್ ಮಾತಾಗಿ ಕೊಡುತ್ತದೆ, ಅದನ್ನೂ ಇದೇ ಬಾಗಿಲಿಗೆ ಕಳಿಸಿ. ಹಾಗೆ ಮಾಡಿದರೆ ಬಗೆಯ ಪರೀಕ್ಷೆ, ಎರಡು ಸಲ ಬಂದ ಫೈಲ್ ತಡೆಯುವುದು, ಎರರ್ ಹೇಳುವುದು ಎಲ್ಲಾ ಒಂದೇ ಕಡೆ ಇರುತ್ತವೆ. ಬ್ರೌಸ್‌ನಲ್ಲಿ ನಡೆಯುವ ಫೈಲ್ ಡ್ರ್ಯಾಗ್‌ನಲ್ಲಿ ನಡೆಯುವುದಿಲ್ಲ ಅನ್ನುವ ದೂರು ಬರುವುದಿಲ್ಲ.

ಬ್ರೌಸ್ ಬಟನ್ ತೆಗೆಯಬೇಡಿ. ಒತ್ತಿ ಹಿಡಿದು ಎಳೆಯುವುದು ಎಲ್ಲರ ಕೈಗೂ ಆಗುವ ಕೆಲಸ ಅಲ್ಲ. ಕೈ ನಡುಗುವವರಿದ್ದಾರೆ, ಕೀಬೋರ್ಡಿನಲ್ಲೇ ಎಲ್ಲಾ ಮಾಡುವವರಿದ್ದಾರೆ, ಸ್ಕ್ರೀನ್ ರೀಡರ್ ಕೇಳಿ ಕೆಲಸ ಮಾಡುವವರಿದ್ದಾರೆ. 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2, ಅಂದರೆ ಅಂಗವೈಕಲ್ಯ ಇರುವವರೂ ಬಳಸುವಂತೆ ಮಾಡುವ ನಿಯಮಗಳು, ವೆಬ್‌ಗಾಗಿ ಬರೆದದ್ದು. ಅದರ 2.5.7ನೇ ನಿಯಮ ಹೇಳುವುದು ಇದನ್ನೇ: ಎಳೆದು ಮಾಡುವ ಕೆಲಸಕ್ಕೆ ಎಳೆಯದೆ ಮಾಡುವ ದಾರಿಯೂ ಇರಬೇಕು. ಡೆಸ್ಕ್‌ಟಾಪ್‌ಗೂ ಅದು ಅಷ್ಟೇ ಸರಿ.

ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ‘ತೊಗರಿ ದರ 50% #2’ ಅಂತ ಹೆಸರಿಟ್ಟು ಒಂದು ಪಿಡಿಎಫ್ ಇಟ್ಟುಕೊಳ್ಳಿ. ಆ ಒಂದೇ ಹೆಸರಿನಲ್ಲಿ ಕನ್ನಡ ಇದೆ, ಖಾಲಿ ಜಾಗ ಇದೆ, ಶೇಕಡಾ ಗುರುತು ಇದೆ, ವಿಳಾಸವನ್ನು ಅಲ್ಲಿಗೇ ಕತ್ತರಿಸಬಲ್ಲ ಹ್ಯಾಶ್ ಇದೆ. ಅದು ದಾಟಿದರೆ ಬೇರೆ ಹೆಸರುಗಳು ದಾಟುತ್ತವೆ. ಅದನ್ನು ಡೆಸ್ಕ್‌ಟಾಪಿನಿಂದ, ಶೇರ್ಡ್ ಫೋಲ್ಡರಿನಿಂದ, ಪೆನ್‌ಡ್ರೈವ್‌ನಿಂದ ಎಳೆಯಿರಿ. ಎಳೆದು ಅರ್ಧದಲ್ಲಿ ಎಸ್ಕೇಪ್ ಒತ್ತಿ ಬಣ್ಣ ಹೋಗುತ್ತದಾ ನೋಡಿ. ಫೈಲ್ ಜೊತೆ ಫೋಲ್ಡರ್ ಸೇರಿಸಿ ಎಳೆಯಿರಿ. ಕೇಬಲ್‌ಗೆ ಹಚ್ಚಿದ ಫೋನಿನಿಂದ ಒಂದು ಫೋಟೋ ಎಳೆಯಿರಿ. ಇದಿಷ್ಟೂ ಆ ಆಫೀಸಿನ ಕಂಪ್ಯೂಟರಿನಲ್ಲೇ, ಅಕ್ಕೋರು ದಿನಾ ತೆರೆಯುವ ಲಾಗಿನ್‌ನಲ್ಲೇ, ಅವರು ಒತ್ತುವ ಅದೇ ಐಕಾನ್ ಒತ್ತಿ ಮಾಡಬೇಕು. ಅಡ್ಮಿನ್ ಟಿಕ್ ಉಳಿದಿದೆಯಾ ಇಲ್ಲವಾ ಅನ್ನುವುದು ಅಲ್ಲಿ ಮಾತ್ರ ಗೊತ್ತಾಗುತ್ತದೆ.